ಮಾವನ ಸ್ಪ್ರಿಂಗು, ಮಾವನ ಮಗಳು

ಕೆಲವರು ಹೊರಟರೆ ಬೆಕ್ಕು ಅಡ್ಡ ಬರುತ್ತದೆ, ಕೆಲವರು ಒಲೆ ಮುಂದೆ ನಿಂತರೆ ಹಾಲು ಉಕ್ಕುತ್ತದೆ, ನಾನು ಏನು ಬಿಚ್ಚಿದರೂ ಸ್ಪ್ರಿಂಗು ಹಾರುತ್ತದೆ. ಮೊನ್ನೆ ಬಾಲ್‌ಪೆನ್ನು ಬಿಚ್ಚಿದೆ. ಅದರೊಳಗಿನ ಕೂದಲಿನಂಥ ಸ್ಪ್ರಿಂಗು ಪುಟಿದು, ಮನೆಗೆ ಬಂದ ಬೀಗರ ಚಹಾ ಕಪ್ಪಿನಲ್ಲೇ ಬಿತ್ತು. ಪಕ್ಕದಲ್ಲಿ ನನ್ನ ಕಪ್ಪೂ ಇತ್ತು, ಅದರಲ್ಲಿ ಬೀಳಲಿಲ್ಲ. ಇದೆಲ್ಲ ನನ್ನ ಹಣೆಬರಹ ಎಂದು ಸುಮ್ಮನಾಗಿದ್ದೇನೆ, ಯಾಕೆಂದರೆ ನನ್ನ ಮದುವೆಯೇ ಒಂದು ಸ್ಪ್ರಿಂಗಿನಿಂದ ಆದದ್ದು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಹಿಡಿಯುವ ಕಾಲ. ಕೊಟ್ಟೂರಿನಲ್ಲಿ ನನ್ನ ಸೋದರಮಾವನ ರಿಪೇರಿ ಅಂಗಡಿ. ಬೀದಿ ಕಡೆಯ ಖೋಲಿಯಲ್ಲಿ ಅಂಗಡಿ, ಅದರ ಹಿಂದಿನ ಬಾಗಿಲು ದಾಟಿದರೆ ಮನೆಯ ಪಡಸಾಲೆ. ಸ್ಟೌವು, ಛತ್ರಿ, ಹೊಲಿಗೆ ಯಂತ್ರ ಎಲ್ಲ ಬರುತ್ತಿದ್ದವು, ಆದರೆ ಮಾವನ ಹೆಸರು ನಿಂತದ್ದು ಏರ್‌ಗನ್ನಿನ ಮೇಲೆ. ಸಂತೆಯಲ್ಲಿ ಹಲಗೆಗೆ ಬಲೂನು ಕಟ್ಟಿ "ಹೊಡೀರಿ, ಸೋಪಿನ ಡಬ್ಬಿ ಗೆಲ್ರಿ" ಎಂದು ಕೂಗುವವರ ಬಂದೂಕು, ಜೋಳದ ಹೊಲದಲ್ಲಿ ಗಿಳಿ ಬೆದರಿಸುವವರ ಬಂದೂಕು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಕಡೆಯ ಏರ್‌ಗನ್ನು ಸುಸ್ತಾದರೂ ಮಾವನ ಹತ್ತಿರವೇ ಬರಬೇಕು.

ಏರ್‌ಗನ್ನಿನಲ್ಲಿ ಮದ್ದು ಇರುವುದಿಲ್ಲ. ಹೊಟ್ಟೆಯೊಳಗೆ ಅರ್ಧ ಮೊಳದ ಒಂದು ಸ್ಪ್ರಿಂಗು, ಅಷ್ಟೇ. ನಳಿಗೆ ಮಡಿಚಿದರೆ ಅದು ಕುಗ್ಗಿ ಕೂರುತ್ತದೆ, ಕುದುರೆ, ಅಂದರೆ ಟ್ರಿಗರು, ಎಳೆದರೆ ಚಿಮ್ಮಿ ಗಾಳಿಯನ್ನು ನೂಕುತ್ತದೆ, ಗಾಳಿ ಗುಂಡನ್ನು ನೂಕುತ್ತದೆ. ಈ ಸ್ಪ್ರಿಂಗು ಹಳೆಯದಾದಾಗ ಹೊಸದು ಕೂರಿಸಬೇಕು. ಬಂದೂಕಿನ ಮುಂದಿನ ತುದಿಯನ್ನು ಗೋಡೆಗೆ ಆನಿಸಿ, ಹಿಂದಿನಿಂದ ಸ್ಪ್ರಿಂಗು ಇಳಿಸಿ, ಅದರ ಬೆನ್ನಿಗೆ ಕಬ್ಬಿಣದ ಬಿರಡೆ ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಬೇಕು. ಬಿರಡೆಯ ತೂತೂ ಬಂದೂಕಿನ ತೂತೂ ಎದುರುಬದುರಾದಾಗ ಪಿನ್ನು ತೂರಿಸಬೇಕು. "ಪಿನ್ನು ಬೀಳೋ ತನಕ ಸ್ಪ್ರಿಂಗು ಯಾರ ನೆಂಟನೂ ಅಲ್ಲಲೇ" ಎಂದು ಮಾವ ಹೇಳುತ್ತಿದ್ದ.

ಮಾವನಿಗೆ ಒಬ್ಬಳೇ ಮಗಳು. ನನಗೆ ಆಕೆಯ ಮೇಲೆ ಮನಸ್ಸು. ಈ ವಿಷಯ ನನ್ನ ಅವ್ವನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಎದುರು ಅಂಗಡಿಯವನಿಗೂ ಗೊತ್ತಿತ್ತು. ಅವ್ವ ಒಂದು ದಿನ ತಮ್ಮನನ್ನು ಕೇಳಿಯೇಬಿಟ್ಟಳು. ಮಾವ ಹೇಳಿದ: "ಕೊಡ್ತೀನಬೇ ಅಕ್ಕ, ಇಲ್ಲ ಅನ್ನಂಗಿಲ್ಲ. ಆದ್ರ ನಿನ್ನ ಮಗ ನನ್ನ ಕಣ್ಣ ಮುಂದ ಒಂದು ಸ್ಪ್ರಿಂಗು ನೆಟ್ಟಗ ಕುಂದ್ರಿಸಲಿ. ಸ್ಪ್ರಿಂಗು ಹಿಡಕೊಂಡು ನಿಂದ್ರಾಕ ಬಾರದಾಂವ ಸಂಸಾರ ಹೆಂಗ ಹಿಡಕೊಂಡು ನಿಂದ್ರತಾನ?"

ಮಾವನ ಅಂಗಡಿಯಲ್ಲೇ ಪಾನಾ, ಸ್ಕ್ರೂಡ್ರೈವರು ಹಿಡಿದು ಕೆಲಸ ಕಲಿಯುತ್ತಿದ್ದವನು ನಾನು, ಇದೇನು ಮಹಾ ಎಂದುಕೊಂಡೆ.

೧. ಮಂಡಕ್ಕಿ ಚೀಲ

ಮೊದಲ ಪರೀಕ್ಷೆಗೆ ಮಾವ ಸ್ಟೂಲು ಹಾಕಿಕೊಂಡು ಕೂತ. ನಾನು ಬೀದಿಗೆ ಬೆನ್ನು ಮಾಡಿ, ಬಂದೂಕನ್ನು ಒಳಗೋಡೆಗೆ ಆನಿಸಿ, ಸ್ಪ್ರಿಂಗಿಗೆ ಗ್ರೀಸು ಸವರಿ ಒಳಗಿಳಿಸಿ ಬಿರಡೆ ಒತ್ತತೊಡಗಿದೆ. ಮುಕ್ಕಾಲು ಪಾಲು ಒಳಗೆ ಹೋಯಿತು. ಆ ಹೊತ್ತಿಗೆ ಮಾವನ ಮಗಳು ಚಹಾ ತಂದಳು. ನಾನು ಆಕೆಯ ಕಡೆ ನೋಡಿದೆ. ಬಿರಡೆ ಅಂಗೈಯಿಂದ ಜಾರಿ ಕಾಲ ಹತ್ತಿರ ಬಿತ್ತು, ಸ್ಪ್ರಿಂಗು ನನ್ನ ಕಂಕುಳ ಸಂದಿಯಿಂದ ಹಾರಿ ಬೀದಿ ದಾಟಿ ಹೋಯಿತು.

ಎದುರಿಗೆ ಮಿರ್ಚಿ ಮಂಡಕ್ಕಿ ಅಂಗಡಿ. ಬಾಗಿಲಲ್ಲೇ ದೊಡ್ಡ ಮಂಡಕ್ಕಿ ಚೀಲ ಬಾಯಿ ತೆರೆದುಕೊಂಡು ನಿಂತಿತ್ತು.

"ಅದರಾಗ ಬಿದ್ದೈತಿ. ನಾ ಕಣ್ಣಾರೆ ನೋಡೀನಿ" ಅಂದ ಮಾವ. ಸ್ಪ್ರಿಂಗು ಹಾರಿದಾಗ ಮಾವ ಎರಡೂ ಕಣ್ಣು ಮುಚ್ಚಿಕೊಂಡು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದ. ಅದನ್ನು ನಾನು ಹೇಳಲಿಲ್ಲ.

ಇಬ್ಬರೂ ಬೀದಿ ದಾಟಿದೆವು. ಮಾವ ಸೀದಾ ಚೀಲಕ್ಕೆ ಕೈ ಹಾಕಿದ. ಮಿರ್ಚಿ ಕರಿಯುತ್ತಿದ್ದ ಅಂಗಡಿಯವನು ಜಾಲರಿ ಸೌಟು ಎತ್ತಿಕೊಂಡೇ ಬಂದ. "ಏ, ಏ! ಗ್ರೀಸಿನ ಕೈ ತಗೀರಿ! ಮಂಡಕ್ಕಿ ಬೇಕಂದ್ರ ಕುಂದ್ರರಿ, ಪ್ಲೇಟಿನಾಗ ಕೊಡ್ತೀನಿ."

ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾವನ ಅಂಗಡಿಯಿಂದ ಸ್ಪ್ರಿಂಗು ಹಾರಿತು ಎಂದು ಊರಿಗೆ ಗೊತ್ತಾದರೆ ಹೆಸರು ಹೋಗುವುದಿಲ್ಲವೇ? ಮಾವ ಬೆಂಚಿನ ಮೇಲೆ ಕೂತು ಎರಡು ಪ್ಲೇಟು ಹೇಳಿದ. ನನ್ನ ಕಿವಿಯಲ್ಲಿ, "ತಿನ್ನಲೇ. ಚೀಲದ ತಳ ಕಾಣೋ ತನಕ ತಿನ್ನು. ತಾನಾ ಸಿಗತೈತಿ" ಅಂದ.

ತಿಂದೆವು. ಮತ್ತೆ ಹೇಳಿದೆವು. ಪ್ರತಿ ಸಲ ಅವನು ಚೀಲದಿಂದ ಮಂಡಕ್ಕಿ ಮೊಗೆಯುವಾಗಲೂ ಮಾವ ಕತ್ತು ಉದ್ದ ಮಾಡಿ ಇಣುಕುತ್ತಿದ್ದ. ನನ್ನ ಹೊಟ್ಟೆ ಮೃದಂಗವಾಯಿತು. ಮಾವ ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದ: "ಬರ್ರಿ ಗೌಡ್ರ, ಮಂಡಕ್ಕಿ ತಿನ್ನೂಣು ಬರ್ರಿ! ನೀವೂ ಬರ್ರಿ ಮೇಷ್ಟ್ರೇ!" ಜನ್ಮದಲ್ಲಿ ಯಾರಿಗೂ ಒಂದು ಲೋಟ ನೀರು ಕೊಡಿಸದ ಮಾವ ಕರೆದದ್ದಕ್ಕೆ ಜನ ಗಾಬರಿಯಾಗಿಯೇ ಬಂದು ತಿಂದರು.

"ಮನ್ಯಾಗ ಅಡಿಗಿ ಮಾಡಿಲ್ಲೇನ್ರಿ?" ಎಂದು ಅಂಗಡಿಯವನು ಕೇಳಿದ.

"ಇವತ್ತು ನಿನ್ನ ಮಂಡಕ್ಕಿ ಭಾಳ ರುಚಿ ಆಗೇತಪ್ಪ" ಅಂದ ಮಾವ ತೇಗುತ್ತ.

ಸಂಜೆಗೆ ಚೀಲದ ತಳ ಕಂಡಿತು. ಸ್ಪ್ರಿಂಗು ಇರಲಿಲ್ಲ. ಮಾವ ಚೀಲವನ್ನೇ ತಲೆಕೆಳಗು ಮಾಡಿ ಕೊಡವಿದ. ಸೋತು ಎದ್ದು ಹೊರಗೆ ಬಂದೆವು. ಹಿಂದಿನಿಂದ ಆ ಅಂಗಡಿಯ ಅರೆಬಾಗಿಲು ಠಪ್ ಎಂದು ತಾನೇ ಮುಚ್ಚಿಕೊಂಡಿತು. ನಾನು ಕಂಡಾಗಿನಿಂದ ಅದು ತಾನಾಗಿ ಮುಚ್ಚಿಕೊಂಡದ್ದೇ ಇಲ್ಲ, ನಾಯಿಗಳು ಆರಾಮವಾಗಿ ಒಳಗೆ ಬಂದು ಹೋಗುತ್ತಿದ್ದವು. ತಿರುಗಿ ನೋಡಿದರೆ ಬಾಗಿಲಿಗೂ ಗೋಡೆಗೂ ನಡುವೆ ನಮ್ಮ ಸ್ಪ್ರಿಂಗು ತುರುಕಿದ್ದಾನೆ.

"ಅದಾ? ಮಧ್ಯಾಹ್ನ ಎಲ್ಲಿಂದಲೋ ಹಾರಿ ಬಂದು ಕಾಲ ಬುಡಕ ಬಿತ್ರಿ" ಅಂದ ಅವನು. "ನಿಮ್ಮದೇನು? ಒಂದು ಮಾತು ಕೇಳಿದ್ರ ಆವಾಗಲೇ ಕೊಡ್ತಿದ್ದೆ. ನೀವು ಮಂಡಕ್ಕಿ ಬಿಟ್ಟು ಬ್ಯಾರೆ ಏನೂ ಕೇಳಲೇ ಇಲ್ಲಲ್ರಿ!"

೨. ಅಜ್ಜಿಯ ಗುರಿ

ಹರಪನಹಳ್ಳಿ ಕಡೆ ಸಂತೆ ಮಾಡುವ ಒಬ್ಬ ಬಲೂನಿನವನು ಬಂದೂಕು ತಂದು ಮಾವನ ಮುಂದೆ ಅಳುವುದೊಂದೇ ಬಾಕಿ. "ಬಂದೋರೆಲ್ಲ ಹೊಡೆದು ಗೆದ್ದು ಹೋಗ್ತಾರೆ ಕಣ್ರಿ. ಸೋಪಿನ ಡಬ್ಬಿ ಖಾಲಿ, ಬಾಚಣಿಗೆ ಖಾಲಿ. ಸ್ಪ್ರಿಂಗು ಒಂಚೂರು ಸಣ್ಣ ಮಾಡಿ ಕೂರಿಸ್ರಿ. ಗುಂಡು ಬಲೂನಿಗೆ ತಾಕ್ಬೇಕು, ಆದ್ರೆ ಒಡೀಬಾರ್ದು."

ಇದು ನನಗೆ ಸಿಗಬೇಕಾದ ಪರೀಕ್ಷೆ. ಸಣ್ಣ ಸ್ಪ್ರಿಂಗು, ಒತ್ತುವುದು ಸುಲಭ. ನಾನು ಮುಂದೆ ಬಂದೆ. ಮಾವ ನನ್ನನ್ನು ಪಕ್ಕಕ್ಕೆ ಸರಿಸಿದ. "ಇದು ಸುಲಭ ಐತಿ, ಪರೀಕ್ಷೆ ಲೆಕ್ಕಕ್ಕ ಬರಂಗಿಲ್ಲ" ಎಂದು ತಾನೇ ಕೂತ. ಒಂದು ಸುತ್ತು ಕತ್ತರಿಸಿದ. ಯಾಕೋ ಸಾಲದು ಅನ್ನಿಸಿ ಇನ್ನೊಂದು ಕತ್ತರಿಸಿದ. ತುದಿ ಸೊಟ್ಟಗಾಯಿತೆಂದು ಇನ್ನೂ ಒಂದು ಕತ್ತರಿಸಿದ. ಕೊನೆಗೆ ಆ ಸ್ಪ್ರಿಂಗು ಬೆರಳಲ್ಲಿ ಒತ್ತಿದರೂ ಒಳಗೆ ಹೋಗುವಂತಾಯಿತು.

"ಮಾವ, ಭಾಳ ಸಣ್ಣ ಆತು" ಅಂದೆ.

"ನಿನಗ ಮಗಳ್ನ ಕೊಡೋದಾ ಬಿಡೋದಾ ಅಂತ ನನ್ನ ವಿಚಾರ, ಸ್ಪ್ರಿಂಗು ಎಷ್ಟು ಕತ್ತರಿಸಬೇಕು ಅನ್ನೋದೂ ನನ್ನ ವಿಚಾರ."

ಮುಂದಿನ ಸಂತೆಯಲ್ಲಿ ಏನಾಗುತ್ತದೋ ನೋಡೋಣ ಎಂದು ಇಬ್ಬರೂ ಹರಪನಹಳ್ಳಿಗೆ ಹೋದೆವು. ಗುಂಪು ನೆರೆದಿತ್ತು. ಮೀಸೆಯ ಪೈಲ್ವಾನನೊಬ್ಬ ಉಸಿರು ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ, ಕುದುರೆ ಎಳೆದ. ಬಂದೂಕು "ಪುಸ್" ಅಂದಿತು. ಗುಂಡು ನಳಿಗೆಯ ತುದಿಗೆ ಬಂದು ಸ್ವಲ್ಪ ಯೋಚನೆ ಮಾಡಿ ಅವನ ಕಾಲಬೆರಳ ಮೇಲೆ ಬಿತ್ತು. ಪೈಲ್ವಾನ ಅದನ್ನು ಹೆಕ್ಕಿಕೊಂಡು ಕಣ್ಣ ಹತ್ತಿರ ಹಿಡಿದು ಬೈದ. ಆಮೇಲೆ ಬಂದವರ ಗುಂಡುಗಳೂ ಹಾಗೆಯೇ ಬಿದ್ದವು. ಬಲೂನಿನವನಿಗೆ ಖುಷಿಯೋ ಖುಷಿ. ಒಂದು ಬಲೂನೂ ಒಡೆದಿಲ್ಲ, ಒಂದು ಡಬ್ಬಿಯೂ ಹೋಗಿಲ್ಲ.

ಆಗ ಬೆಳ್ಳುಳ್ಳಿ ಮಾರಲು ಬಂದ ಒಬ್ಬ ಅಜ್ಜಿ ಬಂದೂಕು ಎತ್ತಿದಳು. "ಪುಸ್." ಗುಂಡು ಅಜ್ಜಿಗೂ ಹಲಗೆಗೂ ನಡುವೆ ಬಿತ್ತು. ಅಲ್ಲಿಯವರೆಗಿನದರಲ್ಲಿ ಅದೇ ದೂರ. ಅಜ್ಜಿ ಬಂದೂಕನ್ನು ಮೆಲ್ಲಗೆ ಇಟ್ಟು, ನಡೆದು ಹೋಗಿ, ಗುಂಡು ಹೆಕ್ಕಿ, ಹಲಗೆಯ ಹತ್ತಿರ ಹೋಗಿ, ತುರುಬಿನ ಪಿನ್ನು ಕಿತ್ತು, ಕೆಂಪು ಬಲೂನಿಗೆ ಚುಚ್ಚಿದಳು. ಢಬ್! ತಿರುಗಿ ಬಂದು, "ಕೊಡಪ್ಪ ಸೋಪಿನ ಡಬ್ಬಿ" ಎಂದು ಕೈ ಚಾಚಿದಳು.

"ಇದೇನಜ್ಜಿ, ಕೈಯಾಗೆ ಚುಚ್ಚಿದ್ರೆ ನಡೆಯುತ್ತಾ?"

"ನಾ ಕೆಂಪಂದಕ್ಕೇ ಗುರಿ ಇಟ್ಟಿದ್ದೆ, ಕೆಂಪಂದೇ ಒಡೀತು. ನಿನ್ನ ಗುಂಡಿಗೆ ನಡೆಯಾಕೆ ಆಗ್ಲಿಲ್ಲ, ನಾ ಕರ್ಕೊಂಡು ಹೋದೆ. ಇದರಾಗೆ ನಂದೇನು ತಪ್ಪೈತೆ?"

ಗುಂಪೆಲ್ಲ ಅಜ್ಜಿಯ ಕಡೆ. ಡಬ್ಬಿ ಕೊಡಲೇಬೇಕಾಯಿತು. ಕೊಟ್ಟ ಮೇಲೆ ಅಜ್ಜಿ ಹೋಗಲಿಲ್ಲ. ಪಿನ್ನು ಬಾಯಲ್ಲಿ ಕಚ್ಚಿಕೊಂಡು ಅಲ್ಲೇ ನಿಂತು, "ಇನ್ನೊಂದು ಆಟ ಆಡ್ತೀನಿ, ಹಸಿರಂದಕ್ಕೆ ಗುರಿ" ಅಂದಳು.

೩. ಇಟ್ಟಿಗಿ ಬಸ್ಸು

ಇಟ್ಟಿಗಿ ಕಡೆಯ ಒಬ್ಬ ರೈತ, ಗಿಳಿ ಕಾಯುವವ, ಬಂದೂಕಿನ ಸ್ಪ್ರಿಂಗು ಮುರಿಯಿತೆಂದು ತಾನೇ ರಿಪೇರಿ ಮಾಡಿದ. ಯಾವುದೋ ಹಳೇ ಲಾರಿಯಿಂದ ಕಿತ್ತ ಸ್ಪ್ರಿಂಗು ಸಿಕ್ಕಿತ್ತಂತೆ. ಅಣ್ಣತಮ್ಮಂದಿರೆಲ್ಲ ಸೇರಿ ಒಬ್ಬರ ಮೇಲೊಬ್ಬರು ಬಿದ್ದು ಅದನ್ನು ಒಳಗೆ ತುರುಕಿದರು. ಇನ್ನು ನಳಿಗೆ ಮಡಿಚಬೇಕಲ್ಲ? ಅದು ಜಗ್ಗಲಿಲ್ಲ. ಬಂದೂಕನ್ನು ಬೇವಿನ ಮರಕ್ಕೆ ಕಟ್ಟಿ, ನಳಿಗೆಗೆ ಹಗ್ಗ ಬಿಗಿದು, ಎತ್ತುಗಳಿಂದ ಎಳೆಸಿದರು. ಮಡಿಚಿತು. ಮಡಿಚಿದ್ದು ಮತ್ತೆ ನೆಟ್ಟಗಾಗಲಿಲ್ಲ. ಮುರಿದ ಮೊಣಕೈಯ ಹಾಗೆ ಬಾಗಿಕೊಂಡೇ ಕೂತಿತು. ಒಳಗೆ ಲಾರಿ ಸ್ಪ್ರಿಂಗು ಬಿಗಿದುಕೊಂಡು ಕಾಯುತ್ತಿದೆ, ಯಾವಾಗ ಬಿಡುತ್ತದೋ ಗೊತ್ತಿಲ್ಲ.

ಅದನ್ನು ಹೆಗಲಿಗೆ ಹಾಕಿಕೊಂಡು ಆತ ಕೊಟ್ಟೂರು ಬಸ್ಸು ಹತ್ತಿದ. ಬಸ್ಸು ಎಂದಿನಂತೆ ಗಿಜಿಗಿಜಿ. "ಏನಪ್ಪ ಅದು?" ಎಂದು ಕಂಡಕ್ಟರು ಕೇಳಿದ.

"ಬಂದೂಕ್ರಿ. ಒಳಗ ಬಿಗುದೈತಿ. ಹೊಡದ್ರೂ ಹೊಡೀಬಹುದು, ಬಿಟ್ರೂ ಬಿಡಬಹುದು."

"ಯಾವ ಕಡಿ ಹೊಡೀತೈತಿ?"

ಆತ ಬಂದೂಕನ್ನು ತಿರುಗಿಸಿ ತಿರುಗಿಸಿ ನೋಡಿದ. "ಅದಾ ತಿಳೀವಲ್ದು ನೋಡ್ರಿ."

ಆತ ಬಲಕ್ಕೆ ತಿರುಗಿದರೆ ಬಲಗಡೆಯವರೆಲ್ಲ ಸೀಟಿನ ಕೆಳಗೆ, ಎಡಕ್ಕೆ ತಿರುಗಿದರೆ ಎಡಗಡೆಯವರು. ಹಿಂದಿನವರು ಎಮ್ಮೆ ಬಂದಂತೆ ದಾರಿ ಬಿಟ್ಟರು. ಮುಂದಿನ ಊರು ಬಂದದ್ದೇ ತಡ, ಕೊಟ್ಟೂರಿಗೆ ಟಿಕೀಟು ತೆಗೆಸಿದವರೂ "ನಮ್ಮೂರು ಬಂತು" ಎಂದು ಇಳಿದರು. ಡ್ರೈವರು ಕೊಟ್ಟೂರು ಮುಟ್ಟುವ ತನಕ ತಲೆಯನ್ನು ಸ್ಟೇರಿಂಗಿಗಿಂತ ಕೆಳಗಿಟ್ಟುಕೊಂಡೇ ಓಡಿಸಿದ.

ಬಂದವನನ್ನು ನೋಡಿ ಮಾವನ ಕಣ್ಣು ಅರಳಿತು. "ಲೇ ಅಳಿಯ, ಇದು ಪರೀಕ್ಷೆ ಅಂದ್ರ! ಇದರಾಗಿನ ಸ್ಪ್ರಿಂಗು ತಗದು ಸರಿಯಾದದ್ದು ಕುಂದ್ರಿಸು. ಇವತ್ತಾ ಮಗಳ ಮಾತು ಮುಗಸ್ತೀನಿ." ನಾನು ಎದೆಗೆ ಗೋಣಿಚೀಲ ಕಟ್ಟಿಕೊಂಡು, ಬಸವಣ್ಣನಿಗೆ ಮನಸ್ಸಿನಲ್ಲೇ ಕೈ ಮುಗಿದು, ಬಂದೂಕಿಗೆ ಕೈ ಚಾಚಿದೆ.

ರೈತ ಅದನ್ನು ಹಿಂದಕ್ಕೆ ಎಳೆದುಕೊಂಡ. ದಾರಿಯುದ್ದಕ್ಕೂ ಆತ ಯೋಚನೆ ಮಾಡಿದ್ದನಂತೆ.

"ಬ್ಯಾಡ್ರಿ, ಹಿಂಗಾ ಇರಲಿ. ಹುಟ್ಟಿದಾಗಿಂದ ಆ ಬಸ್ಸಿನಾಗ ನಿಂತಾ ಬಂದೀನಿ. ಇವತ್ತು ಮಲಕ್ಕೊಂಡು ಬಂದೆ."

೪. ಕೂಡ್ಲಿಗಿಯ ಮಂಗ

ಕೂಡ್ಲಿಗಿಯಲ್ಲಿ ಒಬ್ಬ ಅಧಿಕಾರಿ ಇದ್ದರು, ಮೈಸೂರು ಕಡೆಯವರು. ಅವರ ಕ್ವಾರ್ಟರ್ಸಿಗೆ ಮಂಗಗಳ ಕಾಟ. ಹಪ್ಪಳ ಒಣಗಿಸಿದರೆ ಹಪ್ಪಳ, ಪಂಚೆ ಒಣಗಿಸಿದರೆ ಪಂಚೆ. ಬೆದರಿಸಲು ತಂದ ಏರ್‌ಗನ್ನು ಕೆಟ್ಟಿತ್ತು. ಮನೆಗೇ ಬಂದು ಮಾಡಿಕೊಡಿ ಎಂದು ಹೇಳಿ ಕಳಿಸಿದ್ದರು. ಮಾವನೂ ನಾನೂ ಹೋದೆವು. "ಸಾಹೇಬ್ರ ಮುಂದ ಮಾಡಿ ತೋರಿಸು. ದೊಡ್ಡ ಸಾಕ್ಷಿ ಆಗತೈತಿ" ಅಂದ ಮಾವ.

ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ಮಾವ ಕಲಿಸಿದಂತೆ ಎಲ್ಲವನ್ನೂ ಸಾಲಾಗಿ ಇಟ್ಟೆ: ಪಿಸ್ಟನ್ನು, ಚರ್ಮದ ವಾಸರು, ಸ್ಪ್ರಿಂಗು, ಬಿರಡೆ, ಪಿನ್ನು. ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಗ್ರೀಸಿನ ಡಬ್ಬಿ ತೆಗೆಯಲು ನಾನು ಚೀಲದ ಕಡೆ ಬಗ್ಗಿದೆ. ಎದ್ದು ನೋಡಿದರೆ ಸಾಲಿನಲ್ಲಿ ಸ್ಪ್ರಿಂಗು ಇಲ್ಲ. ಹುಣಸೆ ಮರದ ಮೇಲೆ ಒಂದು ಗಡವ ಮಂಗ ಅದನ್ನು ಹಿಡಿದು ಕೂತಿದೆ.

ಮೊದಲು ಅದರೊಳಗಿಂದ ನಮ್ಮನ್ನು ಇಣುಕಿ ನೋಡಿತು. ಆಮೇಲೆ ಕಚ್ಚಿತು. ರುಚಿ ಹಿಡಿಸಲಿಲ್ಲ. ಆಮೇಲೆ ಒಂದು ತುದಿಯನ್ನು ಕೊಂಬೆಗೆ ಆನಿಸಿ, ಇನ್ನೊಂದು ತುದಿಗೆ ಎರಡೂ ಅಂಗೈ ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿತು. ನೆಟ್ಟಗೆ, ಒಂದಿಷ್ಟೂ ಓರೆಯಾಗದಂತೆ, ಪೂರ್ತಿ ಕುಗ್ಗುವ ತನಕ ಒತ್ತಿತು. ಮಾವ ಕೂತಲ್ಲಿಂದ ಎದ್ದೇ ನಿಂತ. "ಆಹಾ!" ಅಂದ.

ಮಂಗ ಕೈ ಬಿಟ್ಟಿತು. ಸ್ಪ್ರಿಂಗು ಅದರ ಮೂಗಿಗೆ ಬಡಿದು, ಪಕ್ಕದ ಮಂಗದ ಬೆನ್ನಿಗೆ ಬಡಿದು, ಕೆಳಗೆ ಕೂತಿದ್ದ ಮರಿಯ ತಲೆಗೆ ತಾಗಿ ಅಂಗಳದ ಬಾವಿಯೊಳಗೆ ಬಿತ್ತು. ಇಡೀ ಹಿಂಡು ಕಿರುಚುತ್ತ, ಒಂದನ್ನೊಂದು ಬೈದುಕೊಳ್ಳುತ್ತ, ಕಾಂಪೌಂಡು ಹಾರಿ ಹೋಯಿತು. ಹಪ್ಪಳದ ಕಡೆ ತಿರುಗಿಯೂ ನೋಡಲಿಲ್ಲ.

ಸಾಹೇಬರು ಕೈ ಮುಗಿದರು. "ಇನ್ನು ಬಂದೂಕು ಬೇಡ ಇವರೇ. ಅವು ಈ ಕಡೆ ತಲೆ ಹಾಕೋಲ್ಲ. ಎಷ್ಟು ಚೆನ್ನಾಗಿ ರಿಪೇರಿ ಮಾಡಿದಿರಿ!"

ತಿರುಗಿ ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯಿಂದ ದಾರಿಯ ಮರಗಳನ್ನೇ ನೋಡುತ್ತ ಕೂತಿದ್ದ. ಕೊಟ್ಟೂರು ಹತ್ತಿರ ಬಂದಾಗ ದೊಡ್ಡದೊಂದು ನಿಟ್ಟುಸಿರು ಬಿಟ್ಟ.

"ಆ ಮಂಗ್ಯಾ ಏನರ ನನ್ನ ಅಕ್ಕನ ಮಗ ಆಗಿದ್ರ ಇವತ್ತಾ ಮಾತು ಮುಗಿಸಿಬಿಡ್ತಿದ್ದೆ ನೋಡಲೇ."

೫. ಹೆಣ್ಣು ನೋಡಲು ಬಂದವರು

ಮಂಗನ ಮುಂದೆ ನಾನು ಸೋತ ಮೇಲೆ ಮಾವ ಬೇರೆ ಗಂಡು ಹುಡುಕಿದ. ಹಗರಿಬೊಮ್ಮನಹಳ್ಳಿಯ ಹುಡುಗ, ಸರ್ಕಾರಿ ಆಫೀಸಿನಲ್ಲಿ ಕೆಲಸ. ಒಂದು ಬೆಳಿಗ್ಗೆ ಹುಡುಗ, ಅವನ ಅಪ್ಪ, ಅವನ ದೊಡ್ಡಮ್ಮ ಹೆಣ್ಣು ನೋಡಲು ಬಂದೇಬಿಟ್ಟರು. ಆಕೆ ಹೋದರೆ ಕೊಟ್ಟೂರಿನಲ್ಲಿ ನನಗೇನಿತ್ತು, ಗ್ರೀಸಿನ ಡಬ್ಬಿಯೊಂದೇ.

ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು, ನನ್ನನ್ನು ಅಂಗಡಿಯಲ್ಲಿ ಕೂರಿಸಿ ಹೇಳಿದ: "ಬೀದಿ ಬಾಗಿಲು ಹಾಕ್ಕೊಂಡು ಗಪ್ ಕುಂದ್ರು. ಏನೂ ಬಿಚ್ಚಬ್ಯಾಡ."

ಕೂತೆ. ಹಿಂದಿನ ಬಾಗಿಲಿನಿಂದ ಪಡಸಾಲೆ ಪೂರ್ತಿ ಕಾಣುತ್ತಿತ್ತು. ಹುಡುಗ ಜಮಖಾನೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಕೆಟ್ಟವನಂತೆ ಕಾಣಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು.

ಅಷ್ಟರಲ್ಲಿ ಬೀದಿ ಬಾಗಿಲು ದಬದಬ ಬಡಿಯಿತು. ಕೂಡ್ಲಿಗಿ ಸಂತೆಗೆ ಹೊರಟ ಇನ್ನೊಬ್ಬ ಬಲೂನಿನವನು. "ಅಣ್ಣಾರ, ಸ್ಪ್ರಿಂಗು ಮುರದೈತ್ರಿ. ಬಸ್ಸು ಹೊರಡೂದ್ರಾಗ ಹಾಕಿ ಕೊಡ್ರಿ, ಇಲ್ಲಂದ್ರ ಇವತ್ತಿನ ಸಂತಿ ಹೋತು!" ಮಾವ ಎದ್ದು ಬಂದ. ಧೋತರ ನೋಡಿಕೊಂಡ, ಗ್ರೀಸು ನೋಡಿದ, ನನ್ನನ್ನು ನೋಡಿದ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲದ ಮನುಷ್ಯ. "ನೀನಾ ಕುಂದ್ರಿಸು. ಆದ್ರ ಸಪ್ಪಳ ಮಾಡಬ್ಯಾಡ. ಬೀದಿ ಕಡಿ ಹಾರಿದ್ರ ಮಂದಿ ನಗತಾರ, ಬೀಗರು ಬಂದಾಗ ಮಾನ ಹೊಕ್ಕೈತಿ. ಈ ಕಡಿ ತಿರುಗಿ ಮಾಡು." ನನ್ನ ಭುಜ ಹಿಡಿದು ಬೀದಿ ಬಾಗಿಲಿನ ಕಡೆ ಮುಖ ಮಾಡಿ ನಿಲ್ಲಿಸಿ, ಪಡಸಾಲೆಗೆ ಹೋದ. ಬೀಗರ ಮುಂದೆ ಹಾರಿದರೆ ಏನಾಗುತ್ತದೆ ಎಂದು ಆತ ಯೋಚಿಸಲಿಲ್ಲ.

ನಾನು ಬಂದೂಕು ಬಿಚ್ಚಿ ಹರವಿಕೊಂಡಿದ್ದಾಗ ಮಾವನ ಮಗಳು ನನಗೂ ಒಂದು ತಟ್ಟೆ ಉಪ್ಪಿಟ್ಟು ತಂದು ಮೇಜಿನ ಮೇಲಿಟ್ಟು ಹೋದಳು. ಬಂದೂಕಿನ ಮುಂದಿನ ತುದಿಯನ್ನು ಮುಚ್ಚಿದ ಬೀದಿ ಬಾಗಿಲಿಗೆ ಆನಿಸಿದೆ. ನನ್ನ ಬೆನ್ನು ಪಡಸಾಲೆಗೆ. ಸ್ಪ್ರಿಂಗು ಇಳಿಸಿ, ಬಿರಡೆ ಇಟ್ಟು, ಪಕ್ಕೆಗೆ ಆತುಕೊಂಡು ಎರಡೂ ಕೈಯಲ್ಲಿ ಒತ್ತತೊಡಗಿದೆ. ಆ ದಿನ ಎಲ್ಲಿಂದ ಬಲ ಬಂತೋ, ಎಲ್ಲ ಸಿಟ್ಟನ್ನೂ ಅಂಗೈಗೆ ತಂದೆ. ಬಿರಡೆ ನೆಟ್ಟಗೆ, ಆ ಮಂಗ ಒತ್ತಿದ್ದಕ್ಕಿಂತ ನೆಟ್ಟಗೆ ಒಳಗೆ ಹೋಯಿತು. ತೂತಿಗೆ ತೂತು ಕೂಡಿತು! ಇನ್ನು ಪಿನ್ನು ಹಾಕಿದರೆ ಮುಗಿಯಿತು.

ಪಿನ್ನು ಮೇಜಿನ ಮೇಲೆ ಇಟ್ಟಿದ್ದೆ. ನೋಡಿದರೆ ಇಲ್ಲ.

ಕೈ ಬಿಡುವಂತಿಲ್ಲ, ಹುಡುಕುವಂತಿಲ್ಲ. ಬಲೂನಿನವನು ಬಸ್ಸು ಹಿಡಿದು ನಿಲ್ಲಿಸಲು ಓಡಿದ್ದ. ಪಡಸಾಲೆಯಲ್ಲಿ ದೊಡ್ಡಮ್ಮ ಹುಡುಗಿಯ ಕಣ್ಣು ಪರೀಕ್ಷೆ ಮಾಡಲು ಸೂಜಿ ದಾರ ಕೊಟ್ಟಿದ್ದಳು. "ಪೋಣಿಸು ತಂಗಿ, ನೋಡೂಣು." ಮಾವನ ಮಗಳು ಒಂದೇ ಸಲಕ್ಕೆ ಪೋಣಿಸಿದಳು. "ಹುಡುಗಿ ನಮಗ ಒಪ್ಪಿಗಿ" ಅಂದ ಹುಡುಗನ ಅಪ್ಪ. ಮಾವ ಎಲೆ ಅಡಿಕೆಯ ತಟ್ಟೆ ಎತ್ತಿಕೊಂಡ. ನಮ್ಮ ಕಡೆ ತಟ್ಟೆ ಹಿಡಿದು ಆಡಿದ ಮಾತೇ ಮಾತು, ಅದನ್ನು ತಿರುಗಿಸುವಂತಿಲ್ಲ.

"ಮಾವ!" ಎಂದು ಕೂಗಿದೆ.

ಎಲ್ಲರೂ ತಿರುಗಿದರು. ನನ್ನ ಸೊಂಟದ ಪಕ್ಕದಿಂದ ಕಬ್ಬಿಣದ ಬಿರಡೆ ನೇರ ಅವರನ್ನೇ ನೋಡುತ್ತಿತ್ತು.

"ಮಾವ, ಪಿನ್ನಿಲ್ಲ. ಕೈ ಸೋತಾವು. ಬಿಡತೀನಿ!"

"ಬಿಡಬ್ಯಾಡಲೇ!" ಎಂದು ಮಾವ ಚೀರಿದ. "ಹಂಗಾ ಹಿಡದಿರು!"

"ಏನ್ರಿ ಅದು?" ಎಂದು ಹುಡುಗನ ಅಪ್ಪ ಕೇಳಿದ.

"ಏನಿಲ್ರಿ, ಅಂವ ಕೈ ಬಿಟ್ರ ಅದು ಬರತೈತಿ."

"ಎಲ್ಲಿಗೆ?"

"ಇಲ್ಲಿಗೇ."

ಹುಡುಗ ಮೊದಲು ಅಪ್ಪನ ಹಿಂದೆ ಸರಿದ. ಅಪ್ಪ ದೊಡ್ಡಮ್ಮನ ಹಿಂದೆ ಸರಿದ. ದೊಡ್ಡಮ್ಮ ಉಪ್ಪಿಟ್ಟಿನ ಬೋಗುಣಿಯ ಮುಚ್ಚಳ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಹೊರಗೆ ಹೋಗಬೇಕೆಂದರೆ ಇರುವುದು ಒಂದೇ ದಾರಿ, ಅದು ನನ್ನ ಪಕ್ಕದಿಂದಲೇ.

"ಮಾವ, ಆಗಂಗಿಲ್ಲ, ಬಿಡತೀನಿ!" ನಾನು ಬೆದರಿಸುತ್ತಿರಲಿಲ್ಲ, ನಿಜವಾಗಿಯೂ ಬೆರಳು ಜಾರುತ್ತಿದ್ದವು. ಆದರೆ ಕೇಳಿದವರಿಗೆ ಹಾಗೆ ಅನ್ನಿಸಲಿಲ್ಲ. ಹುಡುಗನ ಅಪ್ಪ ಸನ್ನೆ ಮಾಡಿ, "ಆ ಹುಡುಗನಿಗೆ ಏನು ಬೇಕು ಕೇಳ್ರೀ!" ಅಂದ. ಅತ್ತೆ ಒಳಗಿನಿಂದ, "ಏನು ಬೇಕು ಅಂತ ಕೊಟ್ಟೂರಿಗೆಲ್ಲ ಗೊತ್ತೈತಿ, ಕೊಟ್ಟು ಪಾರಾಗ್ರಿ!" ಎಂದು ಕೂಗಿದಳು.

"ಕೊಡ್ತೀನಲೇ!" ಎಂದ ಮಾವ, ತಟ್ಟೆ ಕೈಯಲ್ಲೇ ಇತ್ತು. "ನನ್ನ ಮಗಳ್ನ ನಿನಗಾ ಕೊಡ್ತೀನಿ, ಮಾರಾಯ! ಬಿಡಬ್ಯಾಡ!"

ಆಗ ಮಾವನ ಮಗಳು ಎದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಹೇಗೆ ನಡೆಯಬೇಕೋ ಹಾಗೆ, ತಲೆ ತಗ್ಗಿಸಿ, ಸೆರಗು ಹೊದ್ದು, ಮೆಲ್ಲಗೆ ನಡೆದು ಬಂದಳು. ಬಗ್ಗಿದಳು. ಟಕ್. ಪಿನ್ನು ಕೂತಿತು. ನಾನು ಹಾಗೇ ನೆಲಕ್ಕೆ ಕುಸಿದೆ.

ಮಾವನಿಗೆ ಜೀವ ಬಂತು, ಕೂಡಲೇ ಬುದ್ಧಿಯೂ ಬಂತು. "ಬೀಗ್ರೇ, ಹೆದರಿಕಿಗೆ ಅಂದ ಮಾತು, ಮನಸಿಗೆ ಹಚ್ಚಿಕೊಳ್ಳಬ್ಯಾಡ್ರಿ" ಎಂದು ತಟ್ಟೆಯನ್ನು ಅವರ ಕಡೆ ಚಾಚಿದ.

ದೊಡ್ಡಮ್ಮ ಮುಚ್ಚಳ ಕೆಳಗಿಟ್ಟು ಕಣ್ಣು ಬಿಟ್ಟಳು. "ಎಲಿ ಅಡಿಕಿ ಹಿಡದು ಆಡಿದ ಮಾತು ತಿರುಗಿಸ್ತೀಯೇನಪ್ಪ? ನಮ್ಮ ಮುಂದ ಆಡಿದ್ದಿ, ನಾವಾ ಸಾಕ್ಷಿ." ಆಮೇಲೆ ತಮ್ಮ ಹುಡುಗನ ಕಡೆ ತಿರುಗಿ, "ಏಳು. ಇಂಥ ಮನಿಗೆ ನೀ ಅಳಿಯ ಆದ್ರ ಪ್ರತಿ ಹಬ್ಬಕ್ಕ ನಾ ಮುಚ್ಚಳ ಹಿಡಕೊಂಡು ಬರಬೇಕಾಗತೈತಿ" ಅಂದಳು. ಹುಡುಗ ಅದಾಗಲೇ ಚಪ್ಪಲಿ ಹಾಕಿಕೊಂಡಿದ್ದ. ಆದರೂ ಒಳ್ಳೆಯವನು, ಹೋಗುವಾಗ ನನ್ನ ಕೈ ಹಿಡಿದು ಎಬ್ಬಿಸಿದ.

ಬಲೂನಿನವನು ಬಂದು ಬಂದೂಕು ಮಡಿಚಿ ನೋಡಿ, ನಂಬಲಾರದೆ ಇನ್ನೊಮ್ಮೆ ಮಡಿಚಿ ನೋಡಿದ. ಎಣ್ಣೆ ಹಾಕಿದ ಬಾಗಿಲಿನಂತೆ ಆಡುತ್ತಿತ್ತು. ಮಾವನೂ ನೋಡಿ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ, ಅವನ ಕಣ್ಣ ಮುಂದೆಯೇ ಕೂತಿದೆ. ಒಂದು ತಿಂಗಳೊಳಗೆ ನಮ್ಮ ಮದುವೆಯಾಯಿತು. ನನಗೆ ಆ ದಿನ ಆದಷ್ಟು ಸಂತೋಷ ಮತ್ತೆಂದೂ ಆಗಿಲ್ಲ.

ಮದುವೆಯಾದ ಮೇಲೆ ಒಂದು ದಿನ ಇಬ್ಬರೇ ಕೂತಾಗ ಕೇಳಿದೆ. "ಅಲ್ಲಾ, ಆ ಪಿನ್ನು ಎಲ್ಲಿ ಸಿಕ್ಕಿತು ನಿನಗ? ನಾ ಮೇಜಿನ ಮ್ಯಾಲೆಲ್ಲ ಕಣ್ಣಾಡಿಸಿದೆ."

"ಸಿಗೋದೇನು ಬಂತು? ನಿನಗ ಉಪ್ಪಿಟ್ಟು ಕೊಡಾಕ ಬಂದಾಗಲೇ ತಗೊಂಡಿದ್ದೆ. ಬಗ್ಗಿ ಹಾಕೋ ತನಕ ನನ್ನ ಮುಷ್ಟಿಯಾಗ ಇತ್ತು."

"ಮತ್ತ ಸೂಜಿ ಪೋಣಿಸುವಾಗ?"

"ಎಡಗೈಯಾಗ."

"ನನ್ನ ತೋಳು ಮುರಿದು ಹೋಗಾಕತ್ತಿತ್ತು! ಮೊದಲಾ ಕೊಡಬೇಕಿಲ್ಲೇನ?"

"ಅಪ್ಪ ಮಾತು ಕೊಡಲಿ ಅಂತ ತಡದೆ."

"ಅಷ್ಟರಾಗ ನನ್ನ ಕೈ ಜಾರಿ, ಅದು ಹಾರಿ ಹೋಗಿ ಆ ಮಂದಿಗೆ ಬಡದಿದ್ರ?"

ಆಕೆ ಹೂವು ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. "ಬಡೀಲಿ ಬಿಡು. ಬಂದೋರು ನಡಿಗಿ ನೋಡಿದ್ರು, ಸೂಜಿ ಕೊಟ್ಟು ಕಣ್ಣು ನೋಡಿದ್ರು, ನಿನಗ ಗಂಡು ಒಪ್ಪಿಗಿ ಐತೇನು ಅಂತ ಒಬ್ಬರೂ ಕೇಳಲಿಲ್ಲ. ಹೆಂಗೂ ಅವರಿಗೆ ಉತ್ತರ ಮುಟ್ಟಬೇಕಾಗಿತ್ತಲ್ಲ?"